ಹೆಸರು ಬದಲಿಸಿದರೆ ಸಾಲದು: ಕನ್ನಡದ ಕಾದಂಬರಿಕಾರರಿಗೆ, ಪ್ರಕಾಶಕರಿಗೆ ಕಲಬುರಗಿಯಿಂದ ಒಂದು ಬಹಿರಂಗ ಪತ್ರ

ಮಾನ್ಯರೇ, ನಮಸ್ಕಾರ.

ನಾನು ಕಲಬುರಗಿಯಲ್ಲಿ ವಕೀಲಿ ವೃತ್ತಿ ನಡೆಸುವವಳು. ಒಂದು ಅವಧಿಗೆ ಮಕ್ಕಳ ಕಲ್ಯಾಣ ಸಮಿತಿಯ ಸದಸ್ಯೆಯಾಗಿದ್ದೆ. ಕನ್ನಡ ಕಾದಂಬರಿಗಳನ್ನು ಓದುವ ಹಂಬಲ ಶಾಲೆಯ ದಿನಗಳಿಂದಲೂ ಇದೆ. ಈ ಪತ್ರ ಬರೆಯಲು ಈ ಮೂರೂ ಕಾರಣ.

ನಮ್ಮ ಭಾಗದಲ್ಲಿ ಕೆಲವು ವರ್ಷಗಳ ಹಿಂದೆ ನಡೆದ ಒಂದು ಅಪಹರಣವನ್ನು ಎತ್ತಿಕೊಂಡು ಬರೆದ ಕಾದಂಬರಿ ಈಗ ಓದುಗರ ಕೈಯಲ್ಲಿದೆ. ಅದರ ಹೆಸರನ್ನಾಗಲಿ, ಬರೆದವರ ಹೆಸರನ್ನಾಗಲಿ, ಪ್ರಕಾಶನದ ಹೆಸರನ್ನಾಗಲಿ ಇಲ್ಲಿ ಹೇಳುವುದಿಲ್ಲ. ಹೇಳಿದರೆ ಹುಡುಕಿಕೊಂಡು ಓದುವವರು ಹೆಚ್ಚುತ್ತಾರೆ. ಯಾರ ಪರವಾಗಿ ಬರೆಯುತ್ತಿದ್ದೇನೋ ಅವರ ಮನೆಯ ಕಡೆಗೇ ಇನ್ನಷ್ಟು ಬೆರಳುಗಳು ತಿರುಗುತ್ತವೆ. ಮುಖಪುಟದಲ್ಲಿ ಶೀರ್ಷಿಕೆಯ ಕೆಳಗೆ ‘ಸತ್ಯ ಘಟನೆ ಆಧಾರಿತ’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿದೆ. ಒಳಪುಟದಲ್ಲಿ ‘ಪಾತ್ರಗಳ ಹೆಸರುಗಳನ್ನು ಬದಲಿಸಲಾಗಿದೆ’ ಎಂದು ಸಣ್ಣಕ್ಷರದಲ್ಲಿದೆ. ಈ ಎರಡು ಸಾಲು ಹಾಕಿಬಿಟ್ಟರೆ ಬರೆದವರ ಹೊಣೆ ಮುಗಿಯಿತು ಎಂಬ ನಂಬಿಕೆ ನಮ್ಮ ಪುಸ್ತಕಲೋಕದಲ್ಲಿ ಬೇರೂರಿದೆ. ಅದು ಮುಗಿಯುವುದಿಲ್ಲ ಎಂದು ತಿಳಿಸುವುದಕ್ಕೆ ನಾನು ಈ ಪತ್ರ ಬರೆಯುತ್ತಿದ್ದೇನೆ.

ಅಪಹರಣವಾದಾಗ ಅವಳು ಶಾಲೆಗೆ ಹೋಗುವ ಹುಡುಗಿ. ಈಗ ಮದುವೆಯಾಗಿ ಒಂದು ಮಗುವಿನ ತಾಯಿ. ಈ ಪತ್ರವನ್ನು ಕಳುಹಿಸುವ ಮೊದಲು ಅವಳಿಗೆ ಓದಿ ಹೇಳಿದ್ದೇನೆ. ಬೇಡ ಎಂದ ಸಾಲುಗಳನ್ನು ತೆಗೆದಿದ್ದೇನೆ. ಅವಳು ಯಾವ ತಾಲ್ಲೂಕಿನವಳು, ಎಷ್ಟು ದಿನ ಎಲ್ಲಿದ್ದಳು, ಯಾರು ಒಯ್ದಿದ್ದರು ಎಂಬುದು ಇಲ್ಲಿಲ್ಲ. ಮುಂದಿನ ಎರಡು ಪ್ಯಾರಾಗಳಲ್ಲಿ ಇರುವುದು ‘ಇದನ್ನು ಮಾತ್ರ ಬಿಡಬೇಡಿ ಅಕ್ಕ’ ಎಂದು ಅವಳೇ ಹೇಳಿ ಉಳಿಸಿದ್ದು.

ಕಾದಂಬರಿಕಾರರು ಅವಳ ಹೆಸರು ಬದಲಿಸಿದ್ದರು, ಊರಿಗೂ ಹೊಸ ಹೆಸರಿಟ್ಟಿದ್ದರು. ಆದರೆ ಅಪ್ಪನ ಕಸುಬು, ಮನೆ ಇರುವ ಓಣಿ, ಅವಳು ಕಾಣೆಯಾದದ್ದು ಯಾವ ಜಾತ್ರೆಯ ಮರುದಿನ ಎಂಬುದು, ಇವೆಲ್ಲ ಇದ್ದ ಹಾಗೆಯೇ ಪುಸ್ತಕಕ್ಕೆ ಬಂದಿದ್ದವು. ದೂರದ ಓದುಗರಿಗೆ ಇವು ಕಥೆಗೆ ಮಣ್ಣಿನ ವಾಸನೆ ಕೊಡುವ ವಿವರಗಳು. ಎರಡು ಮೂರು ಸಾವಿರ ಜನರಿರುವ ನಮ್ಮ ಹಳ್ಳಿಗಳಲ್ಲಿ ಇಷ್ಟೂ ವಿವರ ಕೂಡಿ ಬರುವ ಮನೆ ಒಂದೇ ಇರುತ್ತದೆ. ಪುಸ್ತಕ ಬಂದ ಕೆಲವೇ ದಿನಗಳಲ್ಲಿ ಅವಳ ಗಂಡನ ಮನೆಯವರಿಗೂ ಸುದ್ದಿ ಮುಟ್ಟಿತು. ಗಂಡನಿಗೆ ಮದುವೆಗೆ ಮೊದಲೇ ಎಲ್ಲವೂ ತಿಳಿದಿತ್ತು, ಆತ ಅವಳ ಜೊತೆ ಗಟ್ಟಿಯಾಗಿ ನಿಂತಿದ್ದಾನೆ. ಆದರೆ ನೆಗೆಣ್ಣಿಯರ, ನೆರೆಯವರ, ನೀರಿನ ಸಾಲಿನಲ್ಲಿ ನಿಂತವರ ಬಾಯಿಗೆ ಕೈ ಅಡ್ಡ ಹಿಡಿಯುವುದು ಆತನಿಂದಲೂ ಆಗದ ಕೆಲಸ.

ಅವಳು ಅತ್ತದ್ದು ತನಗಾಗಿ ಅಲ್ಲ. ಸೆರೆಯ ದಿನಗಳ ವರ್ಣನೆ ಓದಿ ‘ಇದು ನನ್ನದಲ್ಲ, ಅವರು ಏನೋ ಬರೆದುಕೊಂಡಿದ್ದಾರೆ’ ಎಂದು ಪುಟ ತಿರುವಿದ್ದಳಂತೆ. ಅವಳು ತಡೆಯಲಾರದೆ ಹೋದದ್ದು ತಾಯಿಯ ಪಾತ್ರವನ್ನು. ಕಾದಂಬರಿಯಲ್ಲಿ ತಾಯಿ, ಸಾಲದ ಒತ್ತಡಕ್ಕೆ ಸಿಕ್ಕಿ, ಮಗಳನ್ನು ಒಯ್ಯುವವನಿಗೆ ತಾನೇ ದಾರಿ ಬಿಟ್ಟುಕೊಟ್ಟಿರುತ್ತಾಳೆ. ಕೊನೆಯ ಅಧ್ಯಾಯದಲ್ಲಿ ಆ ಗುಟ್ಟು ಒಡೆಯುತ್ತದೆ. ನಿಜವಾದ ತಾಯಿ ಮಗಳ ಫೋಟೋ ಹಿಡಿದು ವಾಡಿ, ರಾಯಚೂರು, ಸೊಲ್ಲಾಪುರ ನಿಲ್ದಾಣಗಳಲ್ಲಿ ಗಾಡಿಯಿಂದ ಗಾಡಿಗೆ ಓಡಾಡಿದವಳು, ಠಾಣೆಯ ಕಟ್ಟೆಯ ಮೇಲೆ ರಾತ್ರಿ ಕಳೆದವಳು. ಮಗಳು ಸಿಕ್ಕ ದಿನ ಆಕೆಯ ಕಾಲುಗಳು ಬಾತುಕೊಂಡಿದ್ದವು. ಆ ಹೆಣ್ಣುಮಗಳನ್ನು ಈಗ ಓಣಿಯಲ್ಲಿ ‘ಪುಸ್ತಕದಲ್ಲಿಯೇ ಬಂದಿದೆಯಂತಲ್ಲ’ ಎಂದು ಕೇಳುತ್ತಾರೆ. ಮುಖಪುಟದ ಮೇಲೆ ಸತ್ಯ ಘಟನೆ ಎಂದು ಅಚ್ಚಾಗಿರುವಾಗ ಆಕೆ ಯಾರಿಗೆ, ಏನೆಂದು ಉತ್ತರ ಕೊಡಬೇಕು?

ಮಾನ್ಯರೇ, ನಡೆದದ್ದನ್ನು ನಡೆದ ಹಾಗೆ ಬರೆದಿದ್ದರೆ ಆ ತಾಯಿಗೆ ಈ ಆಪಾದನೆ ಬರುತ್ತಿರಲಿಲ್ಲ. ಯಾರೂ ಗುರುತು ಹಿಡಿಯದ ಹಾಗೆ ಪೂರ್ತಿ ಕಲ್ಪಿಸಿದ್ದರೂ ಬರುತ್ತಿರಲಿಲ್ಲ. ಗುರುತು ಅವರದೇ ಉಳಿಯಿತು, ಮಾಡದ ಕೆಲಸ ಅವರ ತಲೆಗೆ ಬಂತು, ಅದರ ಮೇಲೆ ಸತ್ಯ ಎಂಬ ಮುದ್ರೆ ಬಿತ್ತು. ಈ ಮೂರೂ ಒಂದಾದಾಗ ಕಾದಂಬರಿ ಒಂದು ಬಡ ಕುಟುಂಬದ ಮೇಲೆ ಹೊರಿಸಿದ ಸುಳ್ಳಾಗುತ್ತದೆ. ಬರೆದವರಿಗೆ ಆ ಉದ್ದೇಶ ಇರಲಿಲ್ಲ ಎಂದು ನಾನು ನಂಬುತ್ತೇನೆ. ಉದ್ದೇಶ ಒಳ್ಳೆಯದಿತ್ತು ಎಂಬ ಮಾತ್ರಕ್ಕೆ ಆ ತಾಯಿಯ ಪಾಲಿಗೆ ಏನೂ ಬದಲಾಗುವುದಿಲ್ಲ.

ಸುಳ್ಳಿಗೆ ಸತ್ಯದ ಮುದ್ರೆ ಬಿದ್ದರೆ ಏನಾಗುತ್ತದೆ ಎಂಬುದನ್ನು ನಮ್ಮ ಭಾಗ ರಕ್ತದಲ್ಲಿ ಕಂಡಿದೆ. 2018ರ ಜುಲೈ 13ರಂದು ಬೀದರ್ ಜಿಲ್ಲೆಯಲ್ಲಿ, ಹೈದರಾಬಾದಿನಿಂದ ಗೆಳೆಯನ ಊರಿಗೆ ಬಂದಿದ್ದ ಕೆಲವರು ದಾರಿಯಲ್ಲಿ ಶಾಲಾಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಮಾತು ಮೊಬೈಲಿನಲ್ಲಿ ಅವರ ಕಾರಿಗಿಂತ ಮುಂದೆ ಓಡಿತು. ಮುರ್ಕಿ ಎಂಬ ಹಳ್ಳಿಯಲ್ಲಿ ರಸ್ತೆಗೆ ಅಡ್ಡ ಹಾಕಿ ಹೊಡೆದರು. ಇಂಜಿನಿಯರ್ ಆಗಿದ್ದ ಒಬ್ಬ ಯುವಕ ಸತ್ತ, ಉಳಿದವರು ಜಖಂಗೊಂಡರು, ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟು ಬಿದ್ದವು. ಅದೇ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಇಂಥದ್ದೇ ಶಂಕೆಯಿಂದ ಕೂಲಿ ಹುಡುಕಿ ಬಂದಿದ್ದ ಇನ್ನೊಬ್ಬನನ್ನು ಹೊಡೆದು ಕೊಂದಿದ್ದರು.

ಆಗ ದೇಶದ ತುಂಬ ಹರಿದಾಡಿದ ವೀಡಿಯೊಗಳಲ್ಲಿ ಒಂದರ ಕಥೆಯನ್ನು ನೀವು ತಿಳಿಯಲೇಬೇಕು. ಬೈಕಿನಲ್ಲಿ ಬಂದವರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯ ಅದು. ಕರಾಚಿಯಲ್ಲಿ, ಮಕ್ಕಳ ಸುರಕ್ಷತೆಯ ಬಗ್ಗೆ ಅರಿವು ಮೂಡಿಸುವುದಕ್ಕೆಂದು ನಟರನ್ನು ಇಟ್ಟು ತೆಗೆದದ್ದು. ಮೂಲದಲ್ಲಿ ಬೈಕು ತಿರುಗಿ ಬಂದು ಮಗುವನ್ನು ಇಳಿಸುತ್ತದೆ, ಮಗುವನ್ನು ಕದಿಯುವುದು ಎಷ್ಟು ಸುಲಭ ನೋಡಿ ಎಂದು ಎಚ್ಚರಿಸುವ ಫಲಕವನ್ನು ತೋರಿಸುತ್ತಾರೆ. ಯಾರೋ ಆ ಕೊನೆಯ ಭಾಗವನ್ನು ಕತ್ತರಿಸಿ, ನಿಜವಾಗಿ ನಡೆದದ್ದು ಎಂದು ಹಂಚಿದರು. ಒಳ್ಳೆಯ ಉದ್ದೇಶದಿಂದ ಕಟ್ಟಿದ ಒಂದು ಕಥೆ ಹೀಗೆ ಸಾಕ್ಷ್ಯವಾಗಿಬಿಟ್ಟಿತು. ಕಾದಂಬರಿಯೂ ಮೊಬೈಲಿನ ವದಂತಿಯೂ ಒಂದೇ ಎಂದು ನಾನು ಹೇಳುತ್ತಿಲ್ಲ. ಆದರೆ ಆ ಹುಡುಗಿಯ ಊರಿನಲ್ಲಿ ಕಾದಂಬರಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದವರು ಬೆರಳೆಣಿಕೆಯಷ್ಟು. ಉಳಿದವರು ಕಂಡದ್ದು ಮುಖಪುಟದ ಚಿತ್ರ, ಕೊನೆಯ ಅಧ್ಯಾಯದ ಒಂದೆರಡು ಪುಟಗಳ ಫೋಟೋ. ಅವು ಮೊಬೈಲಿನಿಂದ ಮೊಬೈಲಿಗೆ ದಾಟಿದವು. ‘ಹೆಸರುಗಳನ್ನು ಬದಲಿಸಲಾಗಿದೆ’ ಎಂಬ ಒಳಪುಟದ ಫೋಟೋವನ್ನು ಯಾರೂ ತೆಗೆಯಲಿಲ್ಲ.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಬರಹಗಾರ ಮಿತ್ರರಲ್ಲಿ ಹಲವರು ‘ಕೋರ್ಟಿನ ದಾಖಲೆಯಲ್ಲಿ ಇರುವುದನ್ನು ಯಾರು ಬೇಕಾದರೂ ಬರೆಯಬಹುದು’ ಎಂದುಕೊಂಡಿದ್ದಾರೆ. ಬಹುಮಟ್ಟಿಗೆ ಅದು ಸರಿ. 1994ರಲ್ಲಿ ಆರ್. ರಾಜಗೋಪಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಅದನ್ನೇ. ವ್ಯಕ್ತಿಯ ಖಾಸಗಿ ಬದುಕಿನ ಬಗ್ಗೆ ಒಪ್ಪಿಗೆಯಿಲ್ಲದೆ ಪ್ರಕಟಿಸಬಾರದು, ಆದರೆ ಸಾರ್ವಜನಿಕ ದಾಖಲೆಗೆ ಬಂದದ್ದರ ಬಗ್ಗೆ ಬರೆಯಲು ಅಡ್ಡಿಯಿಲ್ಲ. ಅದೇ ತೀರ್ಪಿನಲ್ಲಿ ಇದಕ್ಕೊಂದು ವಿನಾಯಿತಿ ಇದೆ. ಲೈಂಗಿಕ ದೌರ್ಜನ್ಯ, ಅಪಹರಣ ಅಥವಾ ಅಂಥ ಅಪರಾಧಕ್ಕೆ ಗುರಿಯಾದ ಹೆಣ್ಣನ್ನು, ಅವಳ ಹೆಸರನ್ನೂ ಘಟನೆಯನ್ನೂ ಪ್ರಚಾರ ಮಾಡಿ ಮತ್ತೊಮ್ಮೆ ಅವಮಾನಕ್ಕೆ ಒಡ್ಡಬಾರದು ಎಂದು ನ್ಯಾಯಾಲಯ ಬೇರೆಯಾಗಿ ಹೇಳಿದೆ. ಮಕ್ಕಳ ವಿಷಯದಲ್ಲಿ 2015ರ ಬಾಲನ್ಯಾಯ ಕಾಯ್ದೆಯ 74ನೆಯ ಕಲಮು ಇನ್ನೂ ಬಿಗಿ. ಹೆಸರು, ವಿಳಾಸ, ಶಾಲೆಯ ಜೊತೆಗೆ ಗುರುತಿಗೆ ದಾರಿಯಾಗುವ ಬೇರೆ ಯಾವ ವಿವರವನ್ನೂ ಬಹಿರಂಗಪಡಿಸುವಂತಿಲ್ಲ. ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು. 2018ರ ಡಿಸೆಂಬರ್‌ನಲ್ಲಿ ನಿಪುಣ್ ಸಕ್ಸೇನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅತ್ಯಾಚಾರಕ್ಕೆ ಗುರಿಯಾದವರನ್ನು ದೂರದಿಂದಲೂ ಗುರುತಿಸಲು ನೆರವಾಗುವ ಸಂಗತಿಗಳನ್ನು ಪ್ರಕಟಿಸಬಾರದು ಎಂದಿತು. ಹೆಸರಿನ ಆಚೆಗೆ ಇರುವ ಗುರುತುಗಳನ್ನು ಕಾನೂನು ಎಂದೋ ಕಂಡುಕೊಂಡಿದೆ. ನಮ್ಮ ಮುನ್ನುಡಿಗಳು ಇನ್ನೂ ಹೆಸರಿನ ಹತ್ತಿರವೇ ನಿಂತಿವೆ.

ಹಾಗೆಂದು ನಾನು ನೋಟಿಸು ಕಳುಹಿಸುತ್ತಿಲ್ಲ. ಅವಳಿಗೂ ಅದು ಬೇಡ. ದಾವೆ ಹೂಡಿದರೆ ‘ಆ ಪಾತ್ರ ನಾನೇ’ ಎಂದು ಅವಳೇ ಕಟಕಟೆಯಲ್ಲಿ ನಿಂತು ಹೇಳಬೇಕಾಗುತ್ತದೆ. ಇಂಥ ಪುಸ್ತಕಗಳ ಮೇಲೆ ಮೊಕದ್ದಮೆಗಳು ಬೀಳದೆ ಇರುವುದಕ್ಕೆ ಒಂದು ದೊಡ್ಡ ಕಾರಣ ಇದು. ಯಾರೂ ಆಕ್ಷೇಪಿಸಲಿಲ್ಲ ಎಂಬುದನ್ನು ದಯವಿಟ್ಟು ಒಪ್ಪಿಗೆ ಎಂದು ತಿಳಿಯಬೇಡಿ.

ಅಪಹರಣದ ಬಗ್ಗೆ ಬರೆಯಲೇಬಾರದು ಎಂದು ಹೇಳಿದರೆ ನಾನು ಓದಿ ಬೆಳೆದ ಸಾಹಿತ್ಯಕ್ಕೇ ದ್ರೋಹ ಮಾಡಿದಂತೆ. ನಮ್ಮ ಕಾವ್ಯಪರಂಪರೆಯ ನಡುಮಧ್ಯದಲ್ಲಿ ಒಂದು ಅಪಹರಣ ಇದೆ. ಸೀತೆಯನ್ನು ಒಯ್ದವನ ಕಥೆ ಯುದ್ಧದೊಂದಿಗೆ ಮುಗಿಯುತ್ತದೆ. ತಿರುಗಿ ಬಂದವಳ ಕಥೆ ಮುಗಿಯುವುದಿಲ್ಲ. ಲಕ್ಷ್ಮೀಶನ ಸೀತಾಪರಿತ್ಯಾಗವನ್ನು ಓದಿ ಕಣ್ಣೀರು ಹಾಕದ ಹಿರಿಯರು ನಮ್ಮ ಮನೆಗಳಲ್ಲಿ ಇರಲಿಲ್ಲ. ಊರಿನ ಒಂದು ಮಾತು ತಿರುಗಿ ಬಂದ ಹೆಣ್ಣನ್ನು ಎಲ್ಲಿಯವರೆಗೆ ಅಟ್ಟಬಲ್ಲದು ಎಂಬುದನ್ನು ಅದಕ್ಕಿಂತ ಚೆನ್ನಾಗಿ ಯಾವ ಸಮಾಲೋಚಕರೂ ನನಗೆ ಕಲಿಸಲಿಲ್ಲ. ಕುವೆಂಪು ‘ಶ್ರೀರಾಮಾಯಣ ದರ್ಶನಂ’ನಲ್ಲಿ ಅಗ್ನಿಪರೀಕ್ಷೆಗೆ ಬಂದಾಗ ಸೀತೆಯೊಬ್ಬಳನ್ನೇ ಬೆಂಕಿಗೆ ಕಳುಹಿಸಲಿಲ್ಲ, ರಾಮನೂ ಒಳಗೆ ಹೋಗುತ್ತಾನೆ. ಪರೀಕ್ಷೆ ಯಾರಿಗೆ ಎಂಬ ಪ್ರಶ್ನೆಯನ್ನು ಒಬ್ಬ ಕವಿ ಹಾಗೆ ತಿರುಗಿಸಿದ ಭಾಷೆಯಲ್ಲಿ ನಾವು ಬರೆಯುತ್ತಿದ್ದೇವೆ.

ಬೇರೆ ಭಾಷೆಗಳಲ್ಲೂ ನಿಜದ ಅಪಹರಣಗಳಿಂದ ಹುಟ್ಟಿದ ಕಾದಂಬರಿಗಳು ಇವೆ. ಬರೆದವರು ಹೇಗೆ ನಡೆದುಕೊಂಡರು ಎಂದು ನೋಡುವುದಕ್ಕಾಗಿ ಅವುಗಳನ್ನು ಹುಡುಕಿ ಓದಿದ್ದೇನೆ. 1932ರ ಮಾರ್ಚ್ 1ರಂದು ಅಮೆರಿಕದ ನ್ಯೂಜೆರ್ಸಿಯಲ್ಲಿ, ವಿಮಾನಯಾನದಿಂದ ಹೆಸರಾಗಿದ್ದ ಚಾರ್ಲ್ಸ್ ಲಿಂಡ್‌ಬರ್ಗ್ ಅವರ 20 ತಿಂಗಳ ಮಗುವನ್ನು ತೊಟ್ಟಿಲಿನಿಂದ ಒಯ್ದರು. 50,000 ಡಾಲರ್ ಕೊಟ್ಟರೂ ಮಗು ಬದುಕಿ ಬರಲಿಲ್ಲ. ಮೊದಲ ಅನುಮಾನ ಮನೆಯ ಆಳುಕಾಳುಗಳ ಮೇಲೆ. ವಿಚಾರಣೆಗಳ ಕಿರುಕುಳ ತಾಳದೆ ಮಗುವಿನ ಅಜ್ಜಿಯ ಮನೆಯ ಕೆಲಸದಾಕೆ ವಿಷ ಕುಡಿದು ಸತ್ತಳು. ಆಕೆಯ ಕೈವಾಡ ಇರಲಿಲ್ಲ ಎಂದು ಆಮೇಲೆ ತಿಳಿಯಿತು. 1934ರಲ್ಲಿ ಅಗಾಥಾ ಕ್ರಿಸ್ಟಿ ಈ ಘಟನೆಯ ಎಳೆ ಹಿಡಿದು ರೈಲಿನಲ್ಲಿ ನಡೆಯುವ ಕೊಲೆಯ ಕಾದಂಬರಿ ಬರೆದಾಗ, ನಿಜದ ಆರೋಪಿಯ ಬಂಧನ ಇನ್ನೂ ಆಗಿರಲಿಲ್ಲ. ಆಕೆ ಮಗುವನ್ನು ಹುಡುಗಿಯಾಗಿಸಿದರು, ಮನೆತನವನ್ನೂ ಸನ್ನಿವೇಶವನ್ನೂ ಬದಲಿಸಿದರು, ಇಡೀ ಕಥೆಯನ್ನು ಯುರೋಪಿನ ಹಿಮದಲ್ಲಿ ಸಿಕ್ಕಿಕೊಂಡ ರೈಲಿಗೆ ಹತ್ತಿಸಿದರು. ಆ ಕಾದಂಬರಿಯಲ್ಲೂ ಅನುಮಾನಕ್ಕೆ ಸಿಕ್ಕಿ ಪ್ರಾಣ ಕಳೆದುಕೊಂಡ ಕೆಲಸದ ಹುಡುಗಿಯೊಬ್ಬಳು ಬರುತ್ತಾಳೆ, ಅವಳು ನಿರಪರಾಧಿ ಎಂದು ಕಾದಂಬರಿ ಸ್ಪಷ್ಟವಾಗಿ ಹೇಳುತ್ತದೆ. ಪತ್ತೇದಾರಿ ಕಾದಂಬರಿಕಾರ್ತಿಗೆ ತಿರುವುಗಳ ಅಗತ್ಯ ಬೇರೆಯವರಿಗಿಂತ ಹೆಚ್ಚು. ಆದರೂ ಆ ಬಡ ಹುಡುಗಿಯ ಮೇಲೆ ತಪ್ಪು ಹೊರಿಸಿ ತಿರುವು ಪಡೆಯಲಿಲ್ಲ. ನಮ್ಮ ಹಳ್ಳಿಯ ತಾಯಿಯ ಪಾತ್ರವನ್ನು ಓದುವಾಗ ನನಗೆ ಮತ್ತೆ ಮತ್ತೆ ನೆನಪಾದದ್ದು ಇದೇ.

2008ರಲ್ಲಿ ಆಸ್ಟ್ರಿಯಾದಲ್ಲಿ ತಂದೆಯೇ ಮಗಳನ್ನು 24 ವರ್ಷ ನೆಲಮಾಳಿಗೆಯಲ್ಲಿ ಕೂಡಿಹಾಕಿದ್ದ ಭೀಕರ ಪ್ರಕರಣ ಹೊರಬಂತು. ಅಲ್ಲಿಯೇ ಹುಟ್ಟಿದ್ದ ಐದು ವರ್ಷದ ಗಂಡುಮಗುವೊಂದು ಮೊದಲ ಬಾರಿಗೆ ಹೊರಲೋಕ ಕಂಡಿತು. ಆ ಒಂದು ಸಂಗತಿಯಿಂದ ಹೊರಟ ಎಮ್ಮಾ ಡೊನೊಹ್ಯೂ 2010ರಲ್ಲಿ ‘ರೂಮ್’ ಬರೆದರು. ಮಗುವಿನ ವಯಸ್ಸು ಬಿಟ್ಟರೆ ಆ ಆಸ್ಟ್ರಿಯಾದ ಮನೆಯ ಕುರುಹು ಅದರಲ್ಲಿ ಹೆಚ್ಚೇನೂ ಇಲ್ಲ. ದೇಶ ಬೇರೆ, ಒಯ್ದವನು ಅಪರಿಚಿತ, ಸೆರೆ ಹಿತ್ತಿಲಿನ ಶೆಡ್ಡು, ಕಥೆ ಹೇಳುವವನು ಆ ಹುಡುಗ. ಕಾದಂಬರಿ ಅರ್ಧಕ್ಕೆ ಬರುವಾಗ ಅವರು ಹೊರಗೆ ಬಂದುಬಿಡುತ್ತಾರೆ. ಉಳಿದರ್ಧ ಹೊರಗಿನ ಕಷ್ಟದ ಕಥೆ. ಆಸ್ಪತ್ರೆ, ನೆಂಟರು, ಕ್ಯಾಮೆರಾ ಮುಂದೆ ಕೂರಿಸಿ ಕೇಳಬಾರದ್ದನ್ನು ಕೇಳುವ ಟಿವಿ ಸಂದರ್ಶನ. ಬೀಜ ಮಾತ್ರ ಒಯ್ದು ತನ್ನ ಹೊಲದಲ್ಲಿ ಬಿತ್ತುವುದು ಎಂದರೆ ಇದು.

ಇನ್ನೊಂದು ದಾರಿಯೂ ಇದೆ, ಕೇಳಿ ಬರೆಯುವುದು. 1990ರಲ್ಲಿ ಕೊಲಂಬಿಯಾದಲ್ಲಿ ಮಾದಕವಸ್ತು ಸಾಗಿಸುವ ಜಾಲದ ಮುಖ್ಯಸ್ಥ ಪಾಬ್ಲೊ ಎಸ್ಕೊಬಾರ್‌ನ ಕಡೆಯವರು ಪತ್ರಕರ್ತರನ್ನೂ ಗಣ್ಯರ ಬಂಧುಗಳನ್ನೂ ಸಾಲಾಗಿ ಅಪಹರಿಸಿದರು. ಬಿಡುಗಡೆಯಾದ ಒಬ್ಬ ಮಹಿಳೆಯೂ ಆಕೆಯ ಗಂಡನೂ 1993ರಲ್ಲಿ ತಾವೇ ಗಾರ್ಸಿಯಾ ಮಾರ್ಕೆಸ್ ಅವರ ಬಳಿ ಹೋಗಿ ಇದನ್ನು ಬರೆಯಿರಿ ಎಂದರು. ಆ ಹೊತ್ತಿಗೆ ನೊಬೆಲ್ ಪಡೆದಿದ್ದ ಕಾದಂಬರಿಕಾರ ಅದನ್ನು ಕಾದಂಬರಿಯಾಗಿಸಲಿಲ್ಲ. ಸಂಬಂಧಪಟ್ಟವರೊಡನೆ ಕುಳಿತು ಕೇಳಿ, ಬರೆಯುತ್ತಾ ಹೋದಂತೆ ಉಳಿದ ಒತ್ತೆಯಾಳುಗಳ ಕಥೆಯನ್ನೂ ಸೇರಿಸಿ, 1996ರಲ್ಲಿ ವರದಿಯಾಗಿಯೇ ಪ್ರಕಟಿಸಿದರು.

ನನ್ನನ್ನು ಬಹಳ ಕಾಡಿದ ಉದಾಹರಣೆ ‘ಲೋಲಿಟಾ’ ಕಾದಂಬರಿ. 1948ರಲ್ಲಿ ನ್ಯೂಜೆರ್ಸಿಯ ಕ್ಯಾಮ್ಡನ್ ಊರಿನ 11 ವರ್ಷದ ಹುಡುಗಿಯೊಬ್ಬಳು ಅಂಗಡಿಯಲ್ಲಿ ಐದು ಸೆಂಟಿನ ನೋಟ್‌ಬುಕ್ ಕದ್ದಳು. ಕಂಡ ಗಂಡಸೊಬ್ಬ ತಾನು ಸರ್ಕಾರಿ ಪತ್ತೇದಾರ ಎಂದು ಹೆದರಿಸಿ ಅವಳನ್ನು 21 ತಿಂಗಳ ಕಾಲ ಊರಿಂದೂರಿಗೆ ಎಳೆದೊಯ್ದ. 1950ರಲ್ಲಿ ಕ್ಯಾಲಿಫೋರ್ನಿಯಾದಿಂದ ಅವಳೇ ಮನೆಗೆ ಫೋನ್ ಮಾಡಿ ಪಾರಾದಳು. 1952ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡಾಗ ಅವಳಿಗೆ 15 ವರ್ಷ. 1955ರಲ್ಲಿ ಬಂದ ನಬೊಕೊವ್ ಅವರ ಈ ಕಾದಂಬರಿಯಲ್ಲಿ ಒಂದೇ ಒಂದು ವಾಕ್ಯದಲ್ಲಿ ಅವಳ ಹೆಸರು ಬಂದು ಹೋಗುತ್ತದೆ, ಕಥೆಯೆಲ್ಲ ಹುಡುಗಿಯನ್ನು ಒಯ್ದವನ ಬಾಯಿಂದ. ದೊಡ್ಡ ಕಲಾಕೃತಿ ಎನ್ನುವುದನ್ನು ಒಪ್ಪುತ್ತೇನೆ. ಆದರೆ ಕ್ಯಾಮ್ಡನ್ ಹುಡುಗಿಯ ಬಾಳಿನ ಬಗ್ಗೆ ಒಂದು ಪೂರ್ಣ ಪುಸ್ತಕ ಬರಲು 2018ರವರೆಗೆ ಕಾಯಬೇಕಾಯಿತು. ಅಲ್ಲಿ ಹೆಸರನ್ನು ಬಚ್ಚಿಟ್ಟಿರಲಿಲ್ಲ, ಆದರೂ ಮನುಷ್ಯಳೇ ಕಳೆದುಹೋಗಿದ್ದಳು. ಆ ಹೆಸರನ್ನು ನಾನು ಇಲ್ಲಿ ಬರೆಯದೆ ಬಿಟ್ಟಿದ್ದೇನೆ.

ಈಗ ನಮ್ಮ ಕಡೆಗೆ ಬರೋಣ. ಪತ್ರಿಕೆಯ ಅಪರಾಧ ಪುಟದಿಂದ ಕಥೆ ಎತ್ತಿಕೊಳ್ಳುವವರಿಗೆ ಇಲ್ಲಿನ ‘ಅಪಹರಣ ಪ್ರಕರಣ’ದೊಳಗೆ ಏನೇನು ಇರುತ್ತದೆ ಎಂಬುದು ತಿಳಿದಿರಲಿ. 2013ರ ಮೇ 10ರಂದು ಸುಪ್ರೀಂ ಕೋರ್ಟ್, ಕಾಣೆಯಾದ ಪ್ರತಿ ಮಗುವಿನ ದೂರನ್ನೂ ಅಪಹರಣ ಅಥವಾ ಮಾನವ ಕಳ್ಳಸಾಗಣೆ ಎಂದು ಭಾವಿಸಿಯೇ ಎಫ್‌ಐಆರ್ ದಾಖಲಿಸಬೇಕು ಎಂದು ಆದೇಶ ಕೊಟ್ಟಿತು. ಬಹಳ ಒಳ್ಳೆಯ ಆದೇಶ. ‘ಎಲ್ಲೋ ಹೋಗಿರುತ್ತಾನೆ, ಬರುತ್ತಾನೆ ಬಿಡಿ’ ಎಂದು ತಂದೆತಾಯಿಯನ್ನು ಹಿಂದಕ್ಕೆ ಕಳುಹಿಸುವುದು ಅದರಿಂದ ಕಡಿಮೆಯಾಯಿತು. ಇದರಿಂದ ಒಂದೇ ಕಲಮಿನ ಕೆಳಗೆ ಹತ್ತು ಬಗೆಯ ದುಃಖಗಳು ಬಂದು ಕೂಡುತ್ತವೆ. ಬೈದರು ಎಂದು ಮುನಿಸಿಕೊಂಡು ಮುಂಬಯಿ ಗಾಡಿ ಹತ್ತಿದ ಹುಡುಗ. ಮೆಚ್ಚಿದವನ ಜೊತೆ ಹೋದ, ಇನ್ನೂ 18 ತುಂಬದ ಹುಡುಗಿ. ಗಂಡ ಹೆಂಡಿರ ಜಗಳದಲ್ಲಿ ಅಪ್ಪನೇ ಎತ್ತಿಕೊಂಡು ಹೋದ ಕೂಸು. ಮುಂಗಡ ತೀರಿಸಲು ದುಡಿಮೆಗೆ ಒಯ್ದ ಮಕ್ಕಳು. ಇವರ ನಡುವೆ, ನಿಜವಾಗಿಯೂ ಯಾರೋ ಬಲವಂತದಿಂದ ಹೊತ್ತೊಯ್ದವರು. ಕಲಬುರಗಿ, ಯಾದಗಿರಿ ಜಿಲ್ಲೆಗಳಿಂದ ಪುಣೆ, ಮುಂಬಯಿ, ಹೈದರಾಬಾದ್, ಬೆಂಗಳೂರಿಗೆ ಗುಳೆ ಹೋಗುವ ಮನೆಗಳಲ್ಲಿ ಮಕ್ಕಳು ಅಜ್ಜ ಅಜ್ಜಿಯರ ಬಳಿ ಉಳಿದಿರುತ್ತಾರೆ. ಮಗು ಕಾಣೆಯಾದ ಸುದ್ದಿ ತಾಯಿಗೆ ಕಟ್ಟಡದ ಕೆಲಸದ ಜಾಗದಲ್ಲಿ, ಮೇಸ್ತ್ರಿಯ ಫೋನಿನಲ್ಲಿ ತಿಳಿಯುತ್ತದೆ. ಪತ್ರಿಕೆಯಲ್ಲಿ ಇದು ನಾಲ್ಕು ಸಾಲು.

ಮಗು ಸಿಕ್ಕರೆ ಆ ನಾಲ್ಕು ಸಾಲೂ ಇರುವುದಿಲ್ಲ. ಆದರೆ ನಾನು ಸಮಿತಿಯಲ್ಲಿ ಕುಳಿತು ಕಂಡದ್ದು ಅಲ್ಲಿಂದಲೇ ಶುರುವಾಗುತ್ತದೆ. 24 ಗಂಟೆಯೊಳಗೆ ಮಗುವನ್ನು ಸಮಿತಿಯ ಮುಂದೆ ಹಾಜರುಪಡಿಸಬೇಕು. ವೈದ್ಯಕೀಯ ತಪಾಸಣೆ, ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ, ಕೆಲವೊಮ್ಮೆ ಬಾಲಮಂದಿರದಲ್ಲಿ ವಾಸ. ಒಂದೇ ಕಥೆಯನ್ನು ಬೇರೆ ಬೇರೆ ಮೇಜುಗಳ ಮುಂದೆ ಹೇಳಿ ಹೇಳಿ ಮಗು ಕೊನೆಗೆ ಪಾಠ ಒಪ್ಪಿಸುವ ದನಿಯಲ್ಲಿ ಹೇಳತೊಡಗುತ್ತದೆ. ಮನೆಗೆ ಹೋದ ಮೇಲೆ ಹಾಜರಾತಿ ಸಾಲದೆ ಒಂದು ವರ್ಷದ ಓದು ಹೋಗಿರುತ್ತದೆ. ತಂಗಿಯನ್ನೂ ಶಾಲೆ ಬಿಡಿಸುತ್ತಾರೆ, ಅಕ್ಕನಿಗಾದದ್ದು ಇವಳಿಗೂ ಆದೀತೆಂದು. ಸೋದರಮಾವನ ಊರಿಗೆ ಕಳುಹಿಸಿಬಿಡೋಣ ಎಂಬ ಮಾತು ನಡೆಯುತ್ತದೆ. ರಾತ್ರಿ ಬಾಗಿಲಿನ ಚಿಲಕವನ್ನು ಎದ್ದೆದ್ದು ನೋಡುವ ತಂದೆ ಇರುತ್ತಾನೆ. ಮೊಕದ್ದಮೆ ವರ್ಷಗಟ್ಟಲೆ ಎಳೆಯುತ್ತದೆ. ಅಷ್ಟರಲ್ಲಿ ಮಗು ಬೆಳೆದು, ಮರೆಯಲು ಕಲಿಯುತ್ತಿರುವಾಗಲೇ ಸಮನ್ಸು ಬಂದು ಮತ್ತೆ ಎಲ್ಲವನ್ನೂ ನೆನಪಿಸಿ ಹೇಳು ಎನ್ನುತ್ತದೆ. ಇಷ್ಟನ್ನೂ ಯಾವ ದೋಷಾರೋಪಪಟ್ಟಿಯೂ ಬರೆಯುವುದಿಲ್ಲ, ಅದರ ಕೆಲಸವೂ ಅಲ್ಲ. ಇದನ್ನು ಬರೆಯಬಲ್ಲದ್ದು ಕಾದಂಬರಿ ಒಂದೇ. ಅದಕ್ಕೆ ಯಾವ ಮನೆಯ ಗುರುತೂ ಬೇಕಾಗಿಲ್ಲ. ಇಂಥ ಮನೆಗಳು ನೂರಾರಿವೆ, ಅವುಗಳ ನೋವು ಒಂದನ್ನೊಂದು ಹೋಲುತ್ತದೆ. ನಮ್ಮ ಭಾಗದಿಂದ ಅಂಥ ಕಾದಂಬರಿ ಬಂದರೆ ಅದನ್ನು ಮೊದಲು ಓದುವವಳು ನಾನೇ, ನಾಲ್ಕು ಜನಕ್ಕೆ ಕೊಂಡು ಕೊಡುತ್ತೇನೆ.

ಈ ವಿಷಯ ಮಾತಾಡಿದಾಗ ಕಾದಂಬರಿಕಾರ ಮಿತ್ರರೊಬ್ಬರು ಕೇಳಿದರು: ‘ಹೀಗೆ ಒಬ್ಬೊಬ್ಬರ ಅನುಮತಿ ಕೇಳುತ್ತ ಹೋದರೆ ಏನನ್ನೂ ಬರೆಯಲಾಗದು. ನಾಳೆ ರಾಜಕಾರಣಿಯೂ ತನ್ನ ಬಗ್ಗೆ ಬರೆಯಲು ಅನುಮತಿ ಬೇಕು ಎಂದಾನು.’ ಪ್ರಶ್ನೆ ಗಟ್ಟಿಯಾದದ್ದು, ಅದಕ್ಕೆ ಉತ್ತರ ಕೊಡುವುದು ನನ್ನ ಹೊಣೆ. 2000ದ ಜುಲೈ 30ರಂದು ಗಾಜನೂರಿನಿಂದ ರಾಜಕುಮಾರ್ ಅವರನ್ನು ವೀರಪ್ಪನ್ ಒಯ್ದ. 108 ದಿನ ಇಡೀ ನಾಡು ಆ ಅಪಹರಣವನ್ನು ಬದುಕಿತು. ಕಲಬುರಗಿಯ ಬೀದಿಗಳಿಂದ ಹಿಡಿದು ಎರಡು ರಾಜ್ಯಗಳ ಮುಖ್ಯಮಂತ್ರಿಗಳ ಕಚೇರಿಯವರೆಗೆ ಎಲ್ಲರೂ ಅದರೊಳಗೆ ಇದ್ದರು. ಅದರ ಬಗ್ಗೆ ಬರೆಯಲು ಯಾರ ಅನುಮತಿ ಕೇಳಬೇಕು? ಬರೆಯಿರಿ. ಅಧಿಕಾರದಲ್ಲಿ ಇದ್ದವರು ಏನು ಮಾಡಿದರು, ಮಾಡಲಿಲ್ಲ ಎಂಬುದನ್ನು ಹೆಸರು ಹಿಡಿದು ಬರೆಯಿರಿ. ದೂರು ಬರೆದುಕೊಳ್ಳದ ಠಾಣೆಯ ಬಗ್ಗೆ, ಸಾಕ್ಷಿಗಳು ತಿರುಗಿ ಬಿದ್ದ ಮೊಕದ್ದಮೆಯ ಬಗ್ಗೆ, ದಾಖಲೆಗಳನ್ನು ಮುಂದಿಟ್ಟುಕೊಂಡು ಬರೆಯಿರಿ. ಅಂಥವರಿಗೆ ಮಾತಾಡಲು ಮೈಕು ಇದೆ, ಪತ್ರಿಕಾಗೋಷ್ಠಿ ಇದೆ, ವಕೀಲರಿದ್ದಾರೆ. ಹಳ್ಳಿಯ ಹುಡುಗಿಗೆ ಇವು ಯಾವುವೂ ಇಲ್ಲ. ಅವಳ ಬಗ್ಗೆ ಒಂದು ಪುಸ್ತಕ ಬಂದರೆ ಅದಕ್ಕೆ ಎದುರಾಗಿ ಅವಳದೊಂದು ಪುಸ್ತಕ ಬರುವುದಿಲ್ಲ. ರಾಜಕಾರಣಿಗೂ ಅವಳಿಗೂ ಒಂದೇ ನಿಯಮ ಹಾಕುವುದು ಸ್ವಾತಂತ್ರ್ಯದ ರಕ್ಷಣೆ ಎಂದು ನನಗೆ ತೋರುವುದಿಲ್ಲ.

ಇದರಲ್ಲಿ ಸರ್ಕಾರ ಕೈಹಾಕುವುದೂ ನನಗೆ ಬೇಡ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಷರತ್ತು ಹಾಕಿಸಿ ಎಂದು ಕೆಲವರು ಸಲಹೆ ಕೊಟ್ಟರು. ಇಂದು ಈ ಷರತ್ತು ಬಂದರೆ ನಾಳೆ ಅದರ ಬೆನ್ನಿಗೆ ಇನ್ನೊಂದು ಬರುತ್ತದೆ, ಆ ದಾರಿ ಎಲ್ಲಿಗೆ ಹೋಗುತ್ತದೆಂದು ಬರೆಯುವವರಿಗೆಲ್ಲ ಗೊತ್ತು. ಆದ್ದರಿಂದ ಪ್ರಕಾಶಕರೇ, ಈ ಕೋರಿಕೆ ನಿಮಗೆ. ನಿಜದ ಅಪಹರಣದಿಂದ ಹುಟ್ಟಿದ ಹಸ್ತಪ್ರತಿ ಬಂದರೆ, ಸಂಬಂಧಪಟ್ಟವರನ್ನು ಕಂಡು ಮಾತಾಡಿದ್ದೀರಾ ಎಂದು ಲೇಖಕರನ್ನು ಕೇಳಿ. ಕಂಡಿಲ್ಲವಾದರೆ ಆ ಸೀಮೆಯವರೇ ಆದ ಒಬ್ಬರಿಗೆ ಹಸ್ತಪ್ರತಿ ಕೊಟ್ಟು, ‘ಇದು ಯಾರ ಮನೆ ಎಂದು ಗೊತ್ತಾಗುತ್ತದೆಯೇ’ ಎಂಬ ಒಂದೇ ಪ್ರಶ್ನೆ ಹಾಕಿ. ಗೊತ್ತಾಗುತ್ತದೆ ಎಂದರೆ ಕಸುಬು, ಕಾಲ, ಹಾದಿ, ಹಬ್ಬ ಎಲ್ಲವನ್ನೂ ಬದಲಿಸಲು ಹೇಳಿ. ಕಾದಂಬರಿಕಾರರೇ, ಒಳ್ಳೆಯ ಕಾದಂಬರಿ ಇಷ್ಟು ಬದಲಾವಣೆಯಿಂದ ಬಡವಾಗುವುದಿಲ್ಲ. ಬಡವಾಗುತ್ತದೆ ಎಂದರೆ ಅದು ನಿಂತಿದ್ದದ್ದು ಇನ್ನೊಬ್ಬರ ಬಾಳಿನ ಮೇಲೆ ಎಂದಾಯಿತು. ಮುಖಪುಟದ ಆ ಸಾಲನ್ನು, ಕೇಳಿ ಒಪ್ಪಿಗೆ ಪಡೆದು ನಡೆದ ಹಾಗೆಯೇ ಬರೆದ ಪುಸ್ತಕಗಳಿಗೆ ಮಾತ್ರ ಇಟ್ಟುಕೊಳ್ಳಿ.

ಕಲಬುರಗಿ, ಬೀದರ್, ಯಾದಗಿರಿ ಸೀಮೆಯ ಇಂಥ ಹಸ್ತಪ್ರತಿ ಯಾರ ಬಳಿಯಾದರೂ ಇದ್ದರೆ, ಓದಿ ಹೇಳಲು ನಾನೂ ಮಕ್ಕಳ ಪ್ರಕರಣಗಳಲ್ಲಿ ಕೆಲಸ ಮಾಡುವ ಸಹೋದ್ಯೋಗಿಗಳೂ ಸಿದ್ಧರಿದ್ದೇವೆ. ಶುಲ್ಕವಿಲ್ಲ. ಓದಿದ್ದನ್ನು ಹೊರಗೆ ಹೇಳುವುದಿಲ್ಲ. ಕಥೆ ಹೇಗಿದೆ ಎಂದು ತೀರ್ಪು ಕೊಡುವುದೂ ಇಲ್ಲ.

ಕೊನೆಗೆ, ಈ ಪತ್ರಕ್ಕೆ ಕಾರಣವಾದ ಕಾದಂಬರಿಯನ್ನು ಬರೆದವರಿಗೆ. ನೀವು ಇದನ್ನು ಓದಿದರೆ ನಿಮ್ಮ ಪುಸ್ತಕದ ಬಗ್ಗೆಯೇ ಎಂದು ನಿಮಗೆ ತಿಳಿಯುತ್ತದೆ. ಮಾರಾಟದಲ್ಲಿರುವ ಪ್ರತಿಗಳನ್ನು ಹಿಂದಕ್ಕೆ ಪಡೆಯಿರಿ ಎಂದು ಅವಳು ಕೇಳಲಿಲ್ಲ, ಪರಿಹಾರವನ್ನೂ ಕೇಳಲಿಲ್ಲ. ಎರಡನೆಯ ಮುದ್ರಣಕ್ಕೆ ಹೋಗುವ ಮೊದಲು ಮುಖಪುಟದ ಸಾಲು ತೆಗೆಯಬೇಕು, ಮನೆಯ ಗುರುತುಗಳನ್ನು ಬದಲಿಸಬೇಕು, ತಾಯಿ ಮಗಳನ್ನು ಹುಡುಕಿಕೊಂಡು ಹೋದಳು ಎಂದು ಬರೆಯಬೇಕು. ಇದು ಅವಳ ಕೋರಿಕೆ. ಕೊನೆಯದು ಕಷ್ಟವಾದರೆ ಮೊದಲಿನ ಎರಡನ್ನಾದರೂ ಮಾಡಿ ಎಂದಿದ್ದಾಳೆ. ಯಾವ ಗುರುತುಗಳು ಎಂಬ ಪಟ್ಟಿಯನ್ನು ಅವಳೇ ತನ್ನ ಕೈಬರಹದಲ್ಲಿ ಬರೆದು ನನ್ನ ಬಳಿ ಕೊಟ್ಟಿದ್ದಾಳೆ. ನೀವು ಕೇಳಿ ಕಳುಹಿಸಿದರೆ ಮುಚ್ಚಿದ ಲಕೋಟೆಯಲ್ಲಿ ನಿಮಗೆ ಮಾತ್ರ ತಲುಪಿಸುತ್ತೇನೆ.

ಇತಿ,
ಕಲಬುರಗಿಯ ಒಬ್ಬ ವಕೀಲೆ, ನಿಮ್ಮ ಓದುಗರಲ್ಲಿ ಒಬ್ಬಳು